ವಿಕಥೆಯೋ, ಸತ್ಕಥೆಯೋ? – ‘ಇಂದಿರಾಬಾಯಿ’ಯನ್ನು ಓದಿ

ಕಾದಂಬರಿ ಓದುವುದು ಶ್ರಾವಕರಿಗೆ ತಕ್ಕುದಲ್ಲ, ಅದೂ ಒಂದು ಬಗೆಯ ವಿಕಥೆಯೇ ಎಂಬ ಮಾತು ನಮ್ಮ ಮನೆಗಳಲ್ಲಿ ಬಹುಕಾಲದಿಂದ ಇದೆ. ನಾನೂ ಹಾಗೆಯೇ ನಂಬಿದ್ದವನು. ಮಗಳು ಗ್ರಂಥಾಲಯದಿಂದ ತಂದ ಕಾದಂಬರಿಯನ್ನು ಓದಗೊಡದೆ ಹಿಂದಿರುಗಿಸಿದ್ದುಂಟು. ಅಂಗಡಿಯ ಹೊಣೆಯನ್ನು ಮಕ್ಕಳಿಗೆ ಒಪ್ಪಿಸಿ ಬಿಡುವಾದ ಮೇಲೆ ‘ಇಂದಿರಾಬಾಯಿ’ಯನ್ನು ಓದಿದೆ. ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ 1899ರಲ್ಲಿ ಅಚ್ಚಾದ ಈ ಕೃತಿಯನ್ನು ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ವಿದ್ವಾಂಸರು ಗಣಿಸುತ್ತಾರೆ. ನನ್ನ ಹಳೆಯ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

ಕರ್ತೃ ಗುಲ್ವಾಡಿ ವೆಂಕಟರಾಯರು (1844–1913) ಪೊಲೀಸ್ ಇಲಾಖೆಯಲ್ಲಿ ದುಡಿದವರು. ಅವರ ಮನೆಮಾತು ಕೊಂಕಣಿ. ಬರವಣಿಗೆ ಅವರ ಜೀವನೋಪಾಯವಾಗಿರಲಿಲ್ಲ; ಆದರೆ ಆ ಉದ್ಯೋಗದ ಅನುಭವವೇ ಬರವಣಿಗೆಗೆ ಬಂಡವಾಳವಾಯಿತೆಂದು ತೋರುತ್ತದೆ. ಭೀಮರಾಯನು ಅನ್ಯಾಯದಿಂದ ಹಣ ಕೂಡಿಸಿದವನು. ಅವನ ಮನೆಯಲ್ಲಿ ಭಕ್ತಿಯ ಸೋಗು ಹಾಕಿದ ಸಂತಮಂಡಳಿಗೆ ಸತ್ಕಾರ. ಬಾಲವಿಧವೆಯಾದ ಮಗಳು ಇಂದಿರೆ ಆ ಮನೆಯನ್ನು ತೊರೆದು, ಅಮೃತರಾಯನ ಆಶ್ರಯದಲ್ಲಿ ವಿದ್ಯೆ ಕಲಿತು, ಭಾಸ್ಕರನನ್ನು ವರಿಸುತ್ತಾಳೆ. ಕಥೆಯ ಬಹುಭಾಗ ಸಂಭಾಷಣೆಯಲ್ಲಿಯೇ ಸಾಗುತ್ತದೆ. ಪಾತ್ರಗಳು ತಮ್ಮ ಬಾಯಿಂದಲೇ ಸಿಕ್ಕಿಬೀಳುತ್ತವೆ. ಜನರ ಹೇಳಿಕೆಗಳನ್ನು ಕೇಳಿ ಪಳಗಿದ ಕಿವಿ ಇದರ ಹಿಂದಿದೆ ಎನಿಸುತ್ತದೆ.

ನಡೆಯದುದನ್ನು ನಡೆದಂತೆ ಬರೆಯುವುದು ಸತ್ಯಾಣುವ್ರತಕ್ಕೆ ವಿರೋಧವಲ್ಲವೇ? ನನ್ನ ಮಟ್ಟಿಗೆ ಅಲ್ಲ. ಪ್ರಮಾದದಿಂದ, ಕಷಾಯಕ್ಕೆ ವಶವಾಗಿ ಆಡಿದ ಮಾತು ಅನೃತವೆಂದು ನಮ್ಮ ಆಚಾರ್ಯರು ತಿಳಿಸಿದ್ದಾರೆ. ಕಾದಂಬರಿಕಾರನು ಇದು ಕಥೆಯೆಂದು ಮೊದಲೇ ಹೇಳಿ ಮುಂದುವರಿಯುತ್ತಾನೆ. ಕಥೆಯ ಹೆಸರಿನಲ್ಲಿ ನಿಜವನ್ನು ಹೇಳುವವನಿಗಿಂತ, ನಿಜವೆಂದು ಕಥೆ ಹೇಳುವ ಲೆಕ್ಕಪುಸ್ತಕವೇ ಹೆಚ್ಚು ದೋಷಕ್ಕೆ ಗುರಿ. ಕಥೆ ನಮಗೆ ಪರಕೀಯವೂ ಅಲ್ಲ. ಕನ್ನಡ ಗದ್ಯದ ಹಿರಿಯ ಕೃತಿಯಾದ ‘ವಡ್ಡಾರಾಧನೆ’ ಹತ್ತೊಂಬತ್ತು ಕಥೆಗಳ ಜೈನಗ್ರಂಥವಲ್ಲವೇ?

ಆದರೆ ಕೃತಿಯಲ್ಲಿ ಒಂದು ಕೊರತೆಯನ್ನು ಹೇಳದಿದ್ದರೆ ವಿಮರ್ಶೆಯಾಗದು. ‘ಸದ್ಧರ್ಮ ವಿಜಯವು’ ಎಂಬ ಇನ್ನೊಂದು ಹೆಸರೇ ಫಲಿತಾಂಶವನ್ನು ಸಾರಿಬಿಡುತ್ತದೆ. ಆಖೈರು ಶಿಲ್ಕನ್ನು ಮೊದಲೇ ಬರೆದು, ಅದಕ್ಕೆ ಹೊಂದುವಂತೆ ಜಮಾ-ಖರ್ಚು ತುಂಬಿದಂತೆ ಕೆಲವು ಪ್ರಸಂಗಗಳು ಕಾಣುತ್ತವೆ. ಒಳ್ಳೆಯವರು ಬಹುಪಾಲು ಒಳ್ಳೆಯವರೇ, ಕೆಟ್ಟವರು ಕೆಟ್ಟವರೇ. ‘ವಡ್ಡಾರಾಧನೆ’ಯಲ್ಲಿ ಒಂದೇ ಜೀವ ಭವಾಂತರಗಳಲ್ಲಿ ಬೀಳುವುದನ್ನೂ ಏಳುವುದನ್ನೂ ಕಾಣುತ್ತೇವೆ. ಅನೇಕಾಂತದ ಆ ದೃಷ್ಟಿ ಭೀಮರಾಯನ ಮೇಲೂ ಬಿದ್ದಿದ್ದರೆ ಅವನು ನಮಗೆ ಇನ್ನೂ ಹತ್ತಿರದವನಾಗುತ್ತಿದ್ದನು, ನಮ್ಮನ್ನು ಇನ್ನೂ ಹೆಚ್ಚು ಹೆದರಿಸುತ್ತಿದ್ದನು.

ಹೀಗಿದ್ದರೂ ಅವನು ನನ್ನನ್ನು ಬಿಡಲಿಲ್ಲ. ಅನ್ಯಾಯದ ಹಣದಿಂದ ಪುಣ್ಯ ಕೊಳ್ಳಲು ಹೊರಟವನು ಅವನು. ಪಂಡಿತ ಆಶಾಧರರು ಗೃಹಸ್ಥನ ಲಕ್ಷಣಗಳಲ್ಲಿ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗೆ ಇಟ್ಟಿದ್ದಾರೆ. ಬಸದಿಯೊಂದರ ಆಡಳಿತ ಮಂಡಳಿಯಲ್ಲಿ ಹಲವು ವರ್ಷ ಕುಳಿತವನು ನಾನು. ದೇಣಿಗೆ ಬಂದಾಗಲೆಲ್ಲ ಮೊತ್ತವನ್ನು ನೋಡಿ ಶಿಲಾಫಲಕದಲ್ಲಿ ಹೆಸರು ಕೆತ್ತಿಸಿದೆವು. ಹಣದ ಮೂಲವನ್ನು ಒಮ್ಮೆಯೂ ವಿಚಾರಿಸಲಿಲ್ಲ. ಶಾಸ್ತ್ರಪ್ರವಚನಗಳಲ್ಲಿ ಎಷ್ಟೋ ಬಾರಿ ಕೇಳಿಯೂ ನನ್ನನ್ನು ತಟ್ಟದಿದ್ದ ಈ ಮಾತು, ಒಬ್ಬ ಕಲ್ಪಿತ ಮನುಷ್ಯನಿಂದ ತಟ್ಟಿತು. ಕಾದಂಬರಿಕಾರನ ಕಸುಬಿಗೆ ಇದಕ್ಕಿಂತ ಬೇರೆ ಸಮರ್ಥನೆ ಬೇಕೆಂದು ನನಗೆ ತೋರುವುದಿಲ್ಲ.

ಪುಸ್ತಕವನ್ನು ಮಗಳಿಗೆ ಕೊಟ್ಟಿದ್ದೇನೆ. ಅವಳು ಓದಿ ಮುಗಿಸಿದ ಮೇಲೆ ಮಂಡಳಿಯ ಬಂಧುಗಳೂ ಓದಬೇಕೆಂದು ಕೋರುತ್ತೇನೆ.