ಓಗೊಡುವ ದನಿ: ಸೊವೆಟೊ ಮೇಳದ ಎರಡು ದಶಕ

ಪ್ರಾರ್ಥನೆಗೆಂದು ಹುಟ್ಟಿದ ಹಾಡು ಪ್ರದರ್ಶನಕ್ಕೆ ಬಂದು ನಿಂತಾಗ ಅದರಲ್ಲಿ ಉಳಿಯುವುದೇನು, ಕಳೆದುಹೋಗುವುದೇನು? ಭಕ್ತಿಯ ಹಾಡುಳ್ಳ ಎಲ್ಲ ಭಾಷೆಗಳಿಗೂ ಸಂಬಂಧಿಸಿದ ಈ ಪ್ರಶ್ನೆಯನ್ನು ದಕ್ಷಿಣ ಆಫ್ರಿಕದ ಸೊವೆಟೊ ಗಾಸ್ಪೆಲ್ ಕಾಯರ್ ಎಂಬ ಗಾಯಕ ಮೇಳದ ಚರಿತ್ರೆ ಬಹು ಸ್ಪಷ್ಟವಾಗಿ ಎತ್ತುತ್ತದೆ. ೨೦೦೨ರಲ್ಲಿ ಹುಟ್ಟಿದ ಈ ಮೇಳ ಎರಡು ದಶಕಗಳನ್ನು ದಾಟಿಬಂದಿದೆ. ಹಲವು ಖಂಡಗಳ ರಂಗಗಳಲ್ಲಿ ಹಾಡಿದೆ. ೨೦೦೭, ೨೦೦೮ ಮತ್ತು ೨೦೧೯ರಲ್ಲಿ, ಒಟ್ಟು ಮೂರು ಸಲ, ಅಮೆರಿಕದ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆದಿದೆ. ಕೀರ್ತಿಯ ಲೆಕ್ಕ ಸುಲಭ. ಸತ್ತ್ವದ ಲೆಕ್ಕ ಹಾಗಲ್ಲ. ಆ ಎರಡನೆಯ ಲೆಕ್ಕವನ್ನು ಇಲ್ಲಿ ಸ್ವಲ್ಪ ಹಾಕಿ ನೋಡಬೇಕೆಂಬುದು ನನ್ನ ಅಪೇಕ್ಷೆ.

ಹಾಡಿನ ಗುಣವನ್ನು ಅಳೆಯುವ ಮುಂಚೆ ಅದು ಬಂದ ನೆಲವನ್ನು ನೋಡಬೇಕು. ಜೊಹಾನ್ಸ್‌ಬರ್ಗ್ ನಗರದ ನೈಋತ್ಯಕ್ಕೆ, ಕಪ್ಪು ವರ್ಣದ ಜನರನ್ನು ಬೇರೆಯಾಗಿ ಇರಿಸಲು ಕಟ್ಟಿದ ಬಡಾವಣೆಗಳಿಗೆ ೧೯೬೩ರಲ್ಲಿ ಇಟ್ಟ ಹೆಸರು ಸೊವೆಟೊ. 'ನೈಋತ್ಯದ ಬಡಾವಣೆಗಳು' ಎಂಬ ಅರ್ಥದ ಇಂಗ್ಲಿಷ್ ಮಾತುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಮಾಡಿದ್ದು. ಹೆಸರಿನಲ್ಲಿಯೇ ಕಚೇರಿಯ ಕಡತದ ವಾಸನೆಯಿದೆ. ವರ್ಣಭೇದ ನೀತಿಯ ಕಾಲದಲ್ಲಿ ರಾಜಕೀಯ ಸಭೆಗಳಿಗೆ ನಿಷೇಧವಿದ್ದಾಗ ಅಲ್ಲಿನ ಜನ ಕೂಡುತ್ತಿದ್ದುದು ಚರ್ಚುಗಳಲ್ಲಿ, ಶವಸಂಸ್ಕಾರಗಳಲ್ಲಿ. ೧೯೭೬ರ ಜೂನ್ ೧೬ರಂದು ಆಫ್ರಿಕಾನ್ಸ್ ಭಾಷೆಯನ್ನು ಶಿಕ್ಷಣ ಮಾಧ್ಯಮವಾಗಿ ಹೇರಿದುದನ್ನು ಪ್ರತಿಭಟಿಸಿ ಬೀದಿಗಿಳಿದ ಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಓಡಿದ ಮಕ್ಕಳಲ್ಲಿ ಹಲವರು ಹೊಕ್ಕದ್ದು ರೆಜೈನಾ ಮುಂಡಿ ಚರ್ಚನ್ನು. ಪೊಲೀಸರು ಅದರ ಒಳಗೂ ಗುಂಡು ಹಾರಿಸಿದರು. ಆ ಗುಂಡಿನ ಗುರುತುಗಳನ್ನು ಅಲ್ಲಿ ಹಾಗೆಯೇ ಉಳಿಸಿಕೊಂಡಿದ್ದಾರೆ. ಇಂಥ ಊರಿನಲ್ಲಿ ದೇವರ ಹಾಡು ಯಾವುದು, ಹೋರಾಟದ ಹಾಡು ಯಾವುದು ಎಂದು ಗೆರೆ ಎಳೆಯುವುದು ಸಾಧ್ಯವಿರಲಿಲ್ಲ. ಸತ್ತವನಿಗಾಗಿ ಹಾಡಿದ್ದೇ ಬದುಕಿರುವವರ ಬೇಡಿಕೆಯೂ ಆಗುತ್ತಿತ್ತು.

ಈ ಸಂಗಮಕ್ಕೆ ಹಿಂದಿನ ನಿದರ್ಶನವೊಂದಿದೆ. ೧೮೯೭ರಲ್ಲಿ ಜೊಹಾನ್ಸ್‌ಬರ್ಗ್ ಬಳಿಯ ಮಿಷನ್ ಶಾಲೆಯ ಉಪಾಧ್ಯಾಯ ಎನಾಕ್ ಸೊಂಟೊಂಗ ಷೋಸಾ ಭಾಷೆಯಲ್ಲಿ ಒಂದು ಪ್ರಾರ್ಥನಾಗೀತೆಯನ್ನು ರಚಿಸಿದರು. ಆಫ್ರಿಕವನ್ನು ಹರಸೆಂದು ದೇವರನ್ನು ಬೇಡುವ ಗೀತೆ. ೧೯೧೨ರಲ್ಲಿ, ಮುಂದೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಎಂದು ಹೆಸರಾದ ಸಂಸ್ಥೆಯ ಮೊದಲ ಸಭೆಯಲ್ಲಿ ಅದನ್ನು ಹಾಡಿದರು. ಸರಕಾರಕ್ಕೆ ಅಪ್ರಿಯವಾಗಿದ್ದ ಆ ಹಾಡು ೧೯೯೭ರಲ್ಲಿ ದೇಶದ ರಾಷ್ಟ್ರಗೀತೆಯ ಒಂದು ಭಾಗವಾಯಿತು. ಸೊಂಟೊಂಗ ತೀರಿಕೊಂಡದ್ದು ೧೯೦೫ರಲ್ಲಿ. ಇದಾವುದನ್ನೂ ಅವರು ಕಾಣಲಿಲ್ಲ. ಸೊವೆಟೊ ಮೇಳ ಈ ಗೀತೆಯನ್ನೂ ಹಾಡಿದೆ.

ಇನ್ನು ರೂಪದ ವಿಚಾರ. ಯುರೋಪಿನ ಮಿಷನರಿಗಳು ತಂದ ಪ್ರಾರ್ಥನಾಗೀತೆಯಲ್ಲಿ ನಾಲ್ಕು ಸ್ತರದ ದನಿಗಳು ಏಕಕಾಲಕ್ಕೆ ಹೊಂದಿಕೊಂಡು ಸಾಗುತ್ತವೆ. ಆಫ್ರಿಕದ ಹಾಡಿನಲ್ಲಿ ಕರೆಯುವವನು ಒಬ್ಬ, ಓಗೊಡುವವರು ಹಲವರು. ಕರೆ ಮುಗಿಯುವ ಮೊದಲೇ ಓಗೊಟ್ಟ ದನಿ ಅದರ ಮೇಲೆ ಬಂದು ಕೂಡುವುದೂ ಉಂಟು. ಷೋಸಾ, ಜುಲು ಭಾಷೆಗಳಲ್ಲಿ ದನಿಯ ಏರಿಳಿತವೇ ಪದದ ಅರ್ಥವನ್ನು ಬದಲಿಸಬಲ್ಲದು. ಪರದೇಶದ ಮಟ್ಟಿಗೆ ಆ ಪದಗಳನ್ನು ಕಟ್ಟಿದಾಗ ಮಾತು ಒಂದು ಕಡೆಗೆ, ಮಟ್ಟು ಇನ್ನೊಂದು ಕಡೆಗೆ ಎಳೆಯುವ ತೊಡಕು ಹುಟ್ಟಿತು. ನಮ್ಮ ಕಿಟ್ಟೆಲ್ ಸಾಹೇಬರು ಏಸುವಿನ ಕಥೆಯನ್ನು 'ಕಥಾಮಾಲೆ'ಯಲ್ಲಿ ದೇಶೀಯ ಛಂದಸ್ಸಿಗೆ ಅಳವಡಿಸಿದುದು ಇಂಥ ತೊಡಕಿನ ಅರಿವಿನಿಂದಲೇ ಇರಬೇಕು. ಆಫ್ರಿಕದ ಭಕ್ತರು ಬೇರೆ ದಾರಿ ಹಿಡಿದರು: ಬಂದ ಮಟ್ಟನ್ನು ಬಿಡದೆ, ಅದರೊಳಗೆ ತಮ್ಮ ಕರೆ-ಓಗೊಡುವಿಕೆಯನ್ನು ಹೊಗಿಸಿ, ಮೈಯ ತೂಗಾಟವನ್ನು ಸೇರಿಸಿ, ಅದನ್ನು ತಮ್ಮದಾಗಿಸಿಕೊಂಡರು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮೇಳದ ಕಡೆಗೆ ಬರೋಣ. ಡೇವಿಡ್ ಮುಲೊವೆಡ್ಜಿ ಮತ್ತು ಬೆವರ್ಲಿ ಬ್ರೈಯರ್ ಸೊವೆಟೊದ ಚರ್ಚುಗಳಲ್ಲಿ ಹಾಡುತ್ತಿದ್ದವರನ್ನು ಆರಿಸಿ ಇದನ್ನು ಕಟ್ಟಿದರು. ಮೊದಲಿನಿಂದಲೂ ಆಸ್ಟ್ರೇಲಿಯದ ಕಾರ್ಯಕ್ರಮ ನಿರ್ಮಾಪಕರ ಕೈ ಇದರಲ್ಲಿತ್ತು. ಅಂದರೆ, ಕಂಠಗಳು ಚರ್ಚಿನವು. ಮೇಳ ಹುಟ್ಟಿದ್ದು ದೂರದ ರಂಗಕ್ಕಾಗಿ. 'ಬ್ಲೆಸ್ಡ್', 'ಆಫ್ರಿಕನ್ ಸ್ಪಿರಿಟ್' ಎಂಬ ಧ್ವನಿಮುದ್ರಿಕೆಗಳಿಗೆ ಮೊದಲೆರಡು ಗ್ರ್ಯಾಮಿಗಳು ಬಂದವು. ಅವುಗಳ ಕಂಠಸಂಪತ್ತು ನಿರ್ವಿವಾದ. ಮಂದ್ರದ ಪುರುಷ ಕಂಠಗಳು ನೆಲ ಹಾಸಿಕೊಟ್ಟರೆ ಸ್ತ್ರೀ ಕಂಠಗಳು ಅದರ ಮೇಲೆ ಬೆಳಕು ಚೆಲ್ಲುತ್ತವೆ. ಆದರೂ ಆ ಕಾಲದ ಹಾಡಿಕೆಯಲ್ಲಿ ನನಗೆ ಒಂದು ಕೊರತೆ ಕಾಣುತ್ತದೆ. ಚರ್ಚಿನಲ್ಲಿ ಓಗೊಡುತ್ತಿದ್ದುದು ನೆರೆದ ಸಭೆ. ರಂಗದ ಮೇಲೆ ಓಗೊಡುವವರೂ ಮೇಳದವರೇ. ಕೇಳುವವನಿಗೆ ಉಳಿದದ್ದು ಚಪ್ಪಾಳೆ. ಚಪ್ಪಾಳೆ ಮೆಚ್ಚುಗೆಯಾಗಬಹುದು, ಉತ್ತರವಾಗದು. ಬಣ್ಣಬಣ್ಣದ ಉಡುಪು, ನಗುಮುಖ, ಹಾಡಿನ ಮೇಲೆ ಹಾಡು. ಕಣ್ಣಿಗೆ ಹಬ್ಬವೇ ಸರಿ. ಯಾವ ಸಂಕಟದಿಂದ ಈ ಸಂತೋಷ ಎದ್ದುಬಂತೆಂಬುದು ಮಾತ್ರ ಹಿಂದೆ ಸರಿಯುತ್ತದೆ.

೨೦೦೯ರ ಆಸ್ಕರ್ ಸಮಾರಂಭ ಇದರ ತುದಿ. 'ವಾಲ್-ಇ' ಚಲನಚಿತ್ರಕ್ಕಾಗಿ ಪೀಟರ್ ಗೇಬ್ರಿಯಲ್ ಜೊತೆ ಮೇಳ ಹಾಡಿದ್ದ ಗೀತೆ ಪ್ರಶಸ್ತಿಯ ಸ್ಪರ್ಧೆಯಲ್ಲಿತ್ತು. ಹಾಡನ್ನು ಒಂದು ನಿಮಿಷದ ಆಸುಪಾಸಿಗೆ ಕತ್ತರಿಸಿದರೆಂದು ಗೇಬ್ರಿಯಲ್ ಹಾಡಲು ಒಪ್ಪಲಿಲ್ಲ. ಮೇಳ ಇನ್ನೊಬ್ಬ ಗಾಯಕನೊಡನೆ ಹಾಡಿತು. ಮೇಳದವರನ್ನು ನಾನು ದೂರುವುದಿಲ್ಲ. ದುಡಿದು ತಿನ್ನುವ ಕಲಾವಿದರಿಗೆ ಅಂಥ ವೇದಿಕೆಯನ್ನು ತಿರಸ್ಕರಿಸೆಂದು ಹೇಳುವುದು ವಿಮರ್ಶಕನಿಗೆ ಸುಲಭ. ಜಗತ್ತಿನ ದೊಡ್ಡ ರಂಗ ಹಾಡಿಗೆ ಕೊಡುವ ಅವಕಾಶ ಎಷ್ಟು ಎಂಬುದು ಮಾತ್ರ ಇದರಿಂದ ತಿಳಿಯುತ್ತದೆ.

ಹಾಗಾದರೆ 'ಶುದ್ಧ' ಗಾಸ್ಪೆಲ್ ಚರ್ಚಿನಲ್ಲಿಯೇ ಇರಲಿ, ರಂಗಕ್ಕೆ ಬಾರದಿರಲಿ ಎನ್ನೋಣವೆ? ಈ ವಾದ ನಿಲ್ಲದು. ಸೊಂಟೊಂಗರ ಗೀತೆಯೇ ಮಿಶ್ರಕುಲದ್ದು: ರೂಪ ಯುರೋಪಿನದು, ಮಾತೂ ಸಂಕಟವೂ ಆಫ್ರಿಕದವು. ಮಡಿ-ಮೈಲಿಗೆಯ ವಿಚಾರ ಇಲ್ಲಿ ಪ್ರಯೋಜನಕ್ಕೆ ಬಾರದು. ಕರೆಗೆ ಓಗೊಡುವವರು ಎದುರಿಗಿದ್ದಾರೆಯೆ ಎಂಬುದೇ ಸರಿಯಾದ ಪ್ರಶ್ನೆ.

ಇದ್ದ ಒಂದು ಸಂದರ್ಭವನ್ನು ಹೇಳುತ್ತೇನೆ. ೨೦೧೩ರ ಡಿಸೆಂಬರ್ ೫ರಂದು ನೆಲ್ಸನ್ ಮಂಡೇಲಾ ತೀರಿಕೊಂಡರು. ಕೆಲವೇ ದಿನಗಳಲ್ಲಿ ಜೊಹಾನ್ಸ್‌ಬರ್ಗಿನ ವೂಲ್‌ವರ್ತ್ಸ್ ಅಂಗಡಿಯೊಂದರಲ್ಲಿ ಮೇಳದವರು ನೌಕರರಂತೆ, ಗಿರಾಕಿಗಳಂತೆ ಸಾಮಾನ್ಯ ಉಡುಪಿನಲ್ಲಿ ಸೇರಿಕೊಂಡು, ಹಠಾತ್ತಾಗಿ 'ಅಸಿಂಬೊನಾಂಗ' ಹಾಡಿದರು. 'ನಾವು ಅವನನ್ನು ಕಂಡಿಲ್ಲ' ಎಂದು ಆ ಹೆಸರಿನ ಅರ್ಥ. ಮಂಡೇಲಾ ಸೆರೆಯಲ್ಲಿದ್ದು, ಅವರ ಚಿತ್ರವನ್ನೂ ಅಚ್ಚುಮಾಡುವಂತಿಲ್ಲದ ೧೯೮೭ರಲ್ಲಿ, ಜುಲು ಕಲಿತಿದ್ದ ಬಿಳಿಯ ಗಾಯಕ ಜಾನಿ ಕ್ಲೆಗ್ ಕಟ್ಟಿದ ಹಾಡು ಅದು. ಸೆರೆಯಲ್ಲಿದ್ದವನನ್ನು ಕಾಣಲಾರದ ದುಃಖಕ್ಕೆ ಹುಟ್ಟಿದ ಮಾತು, ಅವನು ಸತ್ತ ವಾರದಲ್ಲಿ, ಇನ್ನೆಂದೂ ಕಾಣಲಾರದ ದುಃಖವಾಯಿತು. ಮಾತು ಅದೇ, ಅರ್ಥ ಬೆಳೆಯಿತು. ವ್ಯಾಪಾರ ಸಂಸ್ಥೆಯ ಪ್ರಚಾರವೂ ಅದರಲ್ಲಿ ಬೆರೆತಿತ್ತೆಂಬುದು ನಿಜ. ಆದರೂ ಅಲ್ಲಿ ನಿಂತು ಕೇಳಿದವರು ಪ್ರೇಕ್ಷಕರಾಗಿರಲಿಲ್ಲ. ಅದೇ ಸಾವಿನ ಮನೆಯವರಾಗಿದ್ದರು. ಅವರು ಬಾಯಿ ತೆರೆಯದೆ ಇದ್ದರೂ ಓಗೊಟ್ಟಂತೆಯೇ. ಮೇಳದ ಎಲ್ಲ ಹಾಡಿಕೆಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೆ.

ಮಂಡೇಲಾ ಶತಮಾನೋತ್ಸವದ ೨೦೧೮ರಲ್ಲಿ ಬಂದ 'ಫ್ರೀಡಂ' ಧ್ವನಿಮುದ್ರಿಕೆ ಹೋರಾಟದ ಹಾಡುಗಳ ಕಡೆಗೆ ತಿರುಗಿದುದು ಈ ದಾರಿಯ ಮುಂದಿನ ಹೆಜ್ಜೆ. ಮೂರನೆಯ ಗ್ರ್ಯಾಮಿ ಅದಕ್ಕೆ ಸಂದಿತು. ರಂಗದ ಹಣದಲ್ಲಿ ಒಂದು ಪಾಲು ಏಡ್ಸ್ ರೋಗದಿಂದ ತಬ್ಬಲಿಗಳಾದ ಮಕ್ಕಳಿಗೆ ಹೋಗುವಂತೆ ಮೇಳ ಏರ್ಪಾಡು ಮಾಡಿಕೊಂಡಿದ್ದನ್ನೂ ಇಲ್ಲಿ ನೆನೆಯಬೇಕು. ಪರದೇಶದ ಚಪ್ಪಾಳೆ ಊರಿನ ಮಗುವಿನ ತುತ್ತಾಗಿ ಹಿಂದಿರುಗಿದರೆ ಅದೂ ಒಂದು ಬಗೆಯ ಓಗೊಡುವಿಕೆಯೇ.

ಶೋಕ ರಸವಾಗಬೇಕಾದರೆ ವ್ಯಕ್ತಿಯ ದುಃಖ ಎಲ್ಲರದಾಗಬೇಕೆಂದು ನಮ್ಮ ಆಲಂಕಾರಿಕರು ಹೇಳಿದರು. ಎಲ್ಲರದಾಗುವ ಭರದಲ್ಲಿ ಅದು ಯಾರದೂ ಅಲ್ಲದೆ ಹೋಗಬಾರದೆಂಬ ಎಚ್ಚರವೂ ಅಷ್ಟೇ ಅಗತ್ಯ. ಸೊವೆಟೊ ಮೇಳ ಈ ಎರಡರ ನಡುವೆ ಅತ್ತಿತ್ತ ತೂಗಿದೆ; ಒಮ್ಮೊಮ್ಮೆ ಬರಿಯ ಹಬ್ಬವಾಗಿದೆ, ಒಮ್ಮೊಮ್ಮೆ ನಿಜವಾದ ಕರೆಯಾಗಿದೆ. ಅದನ್ನು ಕೇಳುವ ನಮ್ಮ ಓದುಗರು ಕಂಠದ ಸೊಗಸಿಗೆ ತಲೆದೂಗುವುದರ ಜೊತೆಗೆ, ಈ ಹಾಡು ಯಾರನ್ನು ಕರೆಯುತ್ತಿದೆ ಎಂದು ಒಂದು ಗಳಿಗೆ ಕಿವಿಗೊಟ್ಟರೆ, ಹಾಡಿನ ಇನ್ನರ್ಧ ಅವರಲ್ಲಿಯೇ ಹುಟ್ಟಬಹುದು.