ತೋಟಾದ ಕಾಗದ: 1857ರ ಕಥನಗಳ ಒಂದು ಮರುಪರಿಶೀಲನೆ

1857ರ ಬಂಡಾಯವನ್ನು ಕುರಿತ ಬರವಣಿಗೆಯಲ್ಲಿ ತೋಟಾದ ಪ್ರಸ್ತಾಪವಿಲ್ಲದ ಕೃತಿ ಅಪರೂಪ. ಹಸು ಮತ್ತು ಹಂದಿಯ ಕೊಬ್ಬು ಸವರಿದ ತೋಟಾವನ್ನು ಹಲ್ಲಿನಿಂದ ಕಚ್ಚಬೇಕಾಗಿ ಬಂದುದರಿಂದ ಸಿಪಾಯಿಗಳು ಸಿಡಿದೆದ್ದರೆಂಬ ನಿರೂಪಣೆ ಶಾಲಾಪಾಠಗಳಿಂದ ಹಿಡಿದು ಸಂಶೋಧನ ಗ್ರಂಥಗಳವರೆಗೆ ಹರಡಿಕೊಂಡಿದೆ. ಇಲ್ಲಿ ಕೊಬ್ಬಿಗೆ ದೊರೆತ ಗಮನ ಅದನ್ನು ಸವರಿದ್ದ ಕಾಗದಕ್ಕೆ ದೊರೆತಿಲ್ಲ. ಆದರೆ ಬಂಡಾಯಕ್ಕೆ ಮುನ್ನ ನಡೆದ ವಿಚಾರಣೆಗಳಲ್ಲಿ ಸಿಪಾಯಿಗಳು ಮುಖ್ಯವಾಗಿ ಮಾತನಾಡಿದ್ದು ಕಾಗದವನ್ನು ಕುರಿತೇ. ಈ ಅಂತರದ ಮಹತ್ವವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ವಸ್ತುವಿನ ಸ್ವರೂಪವನ್ನು ಗಮನಿಸಬೇಕು. ಕನ್ನಡದ ‘ಕಾಡತೂಸು’ ಐರೋಪ್ಯ ಮೂಲದ ಪದ. ಅದರ ಬೇರು ಕಾಗದವೆಂಬ ಅರ್ಥದ ಲ್ಯಾಟಿನ್ ಶಬ್ದದಲ್ಲಿದೆ. 1853ರ ಮಾದರಿಯ ಎನ್‌ಫೀಲ್ಡ್ ಬಂದೂಕಿನ ತೋಟಾ ಎಂದರೆ ಕರಿಮದ್ದು ಮತ್ತು ಸೀಸದ ಗುಂಡನ್ನು ಒಟ್ಟಿಗೆ ಸುತ್ತಿದ ಕಾಗದದ ಕೊಳವೆ. ಸಿಪಾಯಿಯು ಅದರ ಒಂದು ತುದಿಯನ್ನು ಕಚ್ಚಿ ಹರಿದು ಮದ್ದನ್ನು ನಳಿಗೆಗೆ ಸುರಿದು, ಜಿಡ್ಡು ಸವರಿದ ಇನ್ನೊಂದು ತುದಿಯನ್ನು ಗುಂಡಿನ ಸಮೇತ ಒಳಗೆ ತುರುಕಬೇಕಿತ್ತು. ಗುಂಡಿನೊಡನೆ ನಳಿಗೆಗೆ ಇಳಿಯುವ ಕಾಗದ ತೆಳುವಾಗಿಯೂ ಗಟ್ಟಿಯಾಗಿಯೂ ಇರಬೇಕಾದುದು ಅನಿವಾರ್ಯ. ಅದೇ ದಶಕದಲ್ಲಿ ರಿವಾಲ್ವರುಗಳಿಗಾಗಿ ರೂಪುಗೊಂಡ ತೋಟಾಗಳಲ್ಲಿ ಹೊದಿಕೆಯೇ ಮದ್ದಿನೊಡನೆ ಉರಿದುಹೋಗುತ್ತಿತ್ತು; ಅವುಗಳನ್ನು ಕಚ್ಚುವ ಅಗತ್ಯವಿರಲಿಲ್ಲ. ಬಾಯಿಯ ಪ್ರಶ್ನೆ ಎದುರಾದದ್ದು ಸಾಮಾನ್ಯ ಸಿಪಾಯಿಯ ಉದ್ದನಳಿಗೆಯ ಬಂದೂಕಿನಲ್ಲಿ.

1857ರ ಜನವರಿಯಲ್ಲಿ ದಮ್‌ದಮ್‌ನಿಂದ ಬಂದ ವರದಿ ಪ್ರಸಿದ್ಧವಾಗಿದೆ. ಮದ್ದಿನ ಮನೆಯ ಕೆಲಸಗಾರನೊಬ್ಬ ಬ್ರಾಹ್ಮಣ ಸಿಪಾಯಿಯ ಬಳಿ ನೀರು ಕೇಳಿದ. ಚೊಂಬನ್ನು ಕೊಡಲು ನಿರಾಕರಿಸಿದಾಗ, ಕೊಬ್ಬಿನ ತೋಟಾವನ್ನು ಕಚ್ಚುವ ನಿನಗೆ ಇನ್ನೆಲ್ಲಿಯ ಜಾತಿ ಎಂದು ಹಂಗಿಸಿದ. ಕಥನಕಾರರು ಇವನನ್ನು ವದಂತಿಯ ವಾಹಕನನ್ನಾಗಿ ಮಾತ್ರ ಕಂಡಿದ್ದಾರೆ. ಆದರೆ ತೋಟಾ ಸಿದ್ಧವಾಗುವ ಸ್ಥಳದಲ್ಲಿಯೇ ದುಡಿಯುತ್ತಿದ್ದವನ ಮಾತು ಅದು ಎಂಬುದನ್ನು ಮರೆಯುವಂತಿಲ್ಲ. ಅವನ ಜಾತಿ ದಾಖಲಾಗಿದೆ. ಅವನ ಕೆಲಸದ ತಿಳಿವಳಿಕೆಗೆ ಕಥನದಲ್ಲಿ ಸ್ಥಾನವಿಲ್ಲ.

ಜನವರಿ 27ರಂದು ಸರ್ಕಾರವು ಜಿಡ್ಡಿಲ್ಲದ ತೋಟಾಗಳನ್ನು ವಿತರಿಸಿ, ಸಿಪಾಯಿಗಳು ತಮಗೆ ಒಪ್ಪಿಗೆಯಾದ ಜಿಡ್ಡನ್ನು ತಾವೇ ಸವರಿಕೊಳ್ಳಲು ಅವಕಾಶವಿತ್ತಿತು. ಕೊಬ್ಬೊಂದೇ ಸಮಸ್ಯೆಯಾಗಿದ್ದರೆ ವಿವಾದ ಇಲ್ಲಿಗೆ ಮುಗಿಯಬೇಕಿತ್ತು. ಹಾಗಾಗಲಿಲ್ಲ. ಫೆಬ್ರುವರಿ 6ರಂದು ಬರಾಕ್‌ಪುರದಲ್ಲಿ ನಡೆದ ವಿಚಾರಣೆಯಲ್ಲಿ ಸಿಪಾಯಿಗಳು ಕಾಗದದ ಮೇಲೆಯೇ ಸಂದೇಹ ವ್ಯಕ್ತಪಡಿಸಿದರು. ಕಾಗದವನ್ನು ಸುಟ್ಟು ನೋಡಿದಾಗ ಸದ್ದು ಬಂತು, ಜಿಡ್ಡಿನ ವಾಸನೆ ಬಂತು ಎಂಬ ಹೇಳಿಕೆ ದಾಖಲಾಯಿತು. ವಿಚಾರಣೆಯ ಎದುರಿನಲ್ಲಿಯೇ ಕಾಗದವನ್ನು ಸುಟ್ಟಾಗ ಸಾಕ್ಷಿಯೊಬ್ಬ ಈಗ ವಾಸನೆ ತಿಳಿಯುತ್ತಿಲ್ಲವೆಂದು ಒಪ್ಪಿಕೊಂಡ. ಆದರೂ ಕಾಗದವು ಮೇಣದ ಬಟ್ಟೆಯಂತೆ ಹೊಳೆಯುವುದರಿಂದ ಎಲ್ಲರಿಗೂ ಅಸಮಾಧಾನವಿದೆ, ಆದ್ದರಿಂದ ಬಳಸಲಾರೆ ಎಂದ. ಸರ್ಕಾರದ ರಾಸಾಯನಿಕ ಪರೀಕ್ಷಕರೂ ಕಾಗದದಲ್ಲಿ ಜಿಡ್ಡನ್ನು ಬೆರೆಸಿಲ್ಲವೆಂದು ವರದಿ ನೀಡಿದರು. ಫೆಬ್ರುವರಿ 26ರಂದು ಬರ್ಹಾಂಪುರದ 19ನೆಯ ದಳದ ಸಿಪಾಯಿಗಳು ತಲ್ಲಣಗೊಂಡದ್ದು ಹಳೆಯ ಬಗೆಯ ತೋಟಾಗಳನ್ನು ಕಂಡು. ಅವುಗಳ ಕಾಗದ ಎರಡು ಬಣ್ಣದ್ದಾಗಿತ್ತು.

ಈ ಸಾಕ್ಷ್ಯಗಳು ಎರಡು ಪ್ರಚಲಿತ ನಿಲುವುಗಳನ್ನು ಪ್ರಶ್ನಿಸುತ್ತವೆ. ಸಿಪಾಯಿಗಳ ವಿರೋಧವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ವಸಾಹತುಶಾಹಿ ನಿಲುವು, ಅವರು ನೋಡಿದ, ಮುಟ್ಟಿದ, ಸುಟ್ಟು ಪರೀಕ್ಷಿಸಿದ ಸಂಗತಿಯನ್ನು ಮರೆಮಾಚುತ್ತದೆ. 1909ರಲ್ಲಿ ಪ್ರಕಟವಾದ ಸಾವರ್ಕರರ ಕೃತಿ ಇದಕ್ಕೆ ಪ್ರತಿಯಾಗಿ ತೋಟಾವನ್ನು ನೆಪಮಾತ್ರವೆಂದು ಬದಿಗಿರಿಸಿ ಸ್ವರಾಜ್ಯ, ಸ್ವಧರ್ಮಗಳ ಆಶಯವನ್ನು ಮುಂದಿಡುತ್ತದೆ. ಮೊದಲನೆಯದು ಸಿಪಾಯಿಯ ವಿವೇಚನೆಯನ್ನು ಅಲ್ಲಗಳೆದರೆ, ಎರಡನೆಯದು ಅವನ ಮಾತನ್ನೇ ಅನವಶ್ಯಕವಾಗಿಸುತ್ತದೆ. ಕಿಮ್ ವ್ಯಾಗ್ನರ್ ಅವರ 2010ರ ಅಧ್ಯಯನ ವದಂತಿ ಮತ್ತು ಭೀತಿಗಳನ್ನು ಗಂಭೀರ ಆಕರಗಳಾಗಿ ಪರಿಗಣಿಸಿ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದೆ.

ಆದರೆ ಸಿಪಾಯಿಯನ್ನು ಆಧುನಿಕ ಅರ್ಥದ ವಿಜ್ಞಾನಿಯನ್ನಾಗಿಸುವುದೂ ಸರಿಯಲ್ಲ. ವಾಸನೆ ತಿಳಿಯಲಿಲ್ಲವೆಂದು ಒಪ್ಪಿದ ಮೇಲೂ ಅವನ ನಿರಾಕರಣೆ ಬದಲಾಗಲಿಲ್ಲ. ‘ಎಲ್ಲರಿಗೂ ಅಸಮಾಧಾನ’ ಎಂಬುದೇ ಅವನ ಅಂತಿಮ ಸಾಕ್ಷ್ಯ. ಜೊತೆಯವರೊಡನೆ ಕುಳಿತು ಉಣ್ಣುವ ಹಕ್ಕು ಪರೀಕ್ಷಕರ ವರದಿಯಿಂದ ದೊರೆಯುವಂಥದಲ್ಲ. ಮಾರ್ಚ್ ತಿಂಗಳಲ್ಲಿ ತೋಟಾವನ್ನು ಕೈಯಿಂದ ಹರಿಯಬಹುದೆಂದು ಕವಾಯತಿನ ನಿಯಮವನ್ನು ಬದಲಿಸಿದರೂ ಪ್ರಯೋಜನವಾಗಲಿಲ್ಲ. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಸವಾರರ ಪೈಕಿ 85 ಮಂದಿ ತೋಟಾ ಮುಟ್ಟಲು ನಿರಾಕರಿಸಿದರು. ಅವು ಎನ್‌ಫೀಲ್ಡಿನವು ಆಗಿರಲಿಲ್ಲ. ಕಾಗದದ ಮೇಲಿನ ಅವಿಶ್ವಾಸ ಅಷ್ಟರಲ್ಲಿ ಅದನ್ನು ಕೊಟ್ಟ ಕೈಯ ಮೇಲಿನ ಅವಿಶ್ವಾಸವಾಗಿತ್ತು.

ಕರ್ನಾಟಕದ 1857ರ ಅನುಭವವನ್ನು ತೋಟಾದ ಕಥನದೊಳಗೆ ಸೇರಿಸಿಬಿಡುವ ಪ್ರವೃತ್ತಿಯನ್ನೂ ಈ ಹಿನ್ನೆಲೆಯಲ್ಲಿ ನೋಡಬೇಕು. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ ಹಲಗಲಿಯ ಬೇಡರ ಲಾವಣಿಯ ಕೇಂದ್ರದಲ್ಲಿರುವುದು ಆಯುಧಗಳನ್ನು ಒಪ್ಪಿಸಬೇಕೆಂಬ ಸರ್ಕಾರದ ಆಜ್ಞೆ. ಬೇಟೆಯನ್ನು ನಂಬಿದ ಸಮುದಾಯದ ಆಯುಧ ಮತ್ತು ಸಂಬಳದ ಸಿಪಾಯಿಯ ಆಯುಧ ಒಂದೇ ಬಗೆಯ ಪ್ರಶ್ನೆಗಳನ್ನು ಎತ್ತುವುದಿಲ್ಲ. ಎರಡನ್ನೂ ಒಂದೇ ಕಾರಣಕ್ಕೆ ಇಳಿಸಿದರೆ ಲಾವಣಿಯೂ ವಿಚಾರಣೆಯ ಸಾಕ್ಷ್ಯವೂ ಮೂಕವಾಗುತ್ತವೆ. ಆಯಾ ಜನ ಕೈಯಲ್ಲಿ ಹಿಡಿದಿದ್ದ ವಸ್ತುವೇನು, ಅದರ ಬಗ್ಗೆ ಅವರು ಹೇಳಿದ್ದೇನು ಎಂಬಲ್ಲಿಂದ ನಮ್ಮ ಓದು ಆರಂಭವಾಗುವುದು ಉಚಿತ.