ಮ್ಯಾಗ್ನೆಟ್ ತೂಗಿ ನೋಡುವವರು

ಮನೆಯಲ್ಲೇ ಸ್ಪೀಕರ್ ಕಟ್ಟಬೇಕು ಅಂತ ಹೊರಟವರು ಅಂಗಡಿಯಲ್ಲಿ ಮೊದಲು ಮಾಡೋ ಕೆಲಸ ಡ್ರೈವರನ್ನು ಕೈಯಲ್ಲಿ ಹಿಡಿದು ತೂಗಿ ನೋಡೋದು. (ನಮ್ಮೂರಲ್ಲಿ ಡ್ರೈವರ್ ಅಂದ್ರೆ ಟ್ರ್ಯಾಕ್ಟರ್ ಓಡಿಸುವವ. ಇಲ್ಲಿ ಕೋನ್, ಕಾಯಿಲ್, ಮ್ಯಾಗ್ನೆಟ್ ಸೇರಿ ಗಾಳಿ ನೂಕುವ ಭಾಗ ಅಂತ ತಿಳ್ಕೊಳ್ಳಿ.) ತೂಗಿದ ಮೇಲೆ ಒಂದೇ ಪ್ರಶ್ನೆ: 'ಎಷ್ಟು ವಾಟ್ ಐತ್ರಿ?' ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಇದೇ, ವಿಜಯಪುರದ ಪೇಟೆಯಲ್ಲೂ ಇದೇ. ನನ್ನ ತಕರಾರು ಈ ಪ್ರಶ್ನೆ ಮೇಲೆ.

ವಾಟ್ ಅನ್ನೋದು ಡ್ರೈವರ್ ಸುಡದೆ ಎಷ್ಟು ವಿದ್ಯುತ್ ತಡೆದುಕೊಳ್ಳುತ್ತೆ ಅನ್ನೋದರ ಲೆಕ್ಕ, ಅಷ್ಟೇ. ಎಷ್ಟು ಜೋರಾಗಿ ಕೇಳುತ್ತೆ ಅಂತ ಹೇಳೋದು ಸೆನ್ಸಿಟಿವಿಟಿ. ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದ ಡೆಸಿಬಲ್ ಅದು. 91 ಡೆಸಿಬಲ್‌ನ ಡ್ರೈವರ್ 25 ವಾಟ್‌ನಲ್ಲಿ ಕೊಡುವ ಸದ್ದಿಗೆ 85 ಡೆಸಿಬಲ್‌ನದಕ್ಕೆ 100 ವಾಟ್ ಬೇಕು. ಪಿಎಂಪಿಒ ಅಂತ ಡಬ್ಬಿ ಮೇಲೆ ಸಾವಿರಗಟ್ಟಲೆ ಬರೆದಿರ್ತಾರಲ್ಲ, ಅದನ್ನ ಲೆಕ್ಕಕ್ಕೇ ತಗೋಬೇಡಿ.

ನಮ್ಮ ಭಾಗದವರ ಕಿವಿ ಹೀಗ್ಯಾಕೆ ಆಯ್ತು ಅಂತ ನಂಗೆ ಅಚ್ಚರಿ. ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಸಂಗೀತಕ್ಕೆಂದೇ ನವರಸಪುರ ಕಟ್ಟಲು ಹೊರಟಿದ್ದು ತೊರವಿಯ ಮಗ್ಗುಲಲ್ಲಿ. ಅದರ ಸಂಗೀತ ಮಹಲ್ ಪಾಳುಬಿದ್ದು ಇವತ್ತೂ ನಿಂತಿದೆ. ಆ ರಸ್ತೆಯಲ್ಲೇ ಕಬ್ಬಿನ ಸುಗ್ಗಿಯಲ್ಲಿ 12 ಇಂಚಿನ ವೂಫರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಎದೆ ನಡುಗಿಸುತ್ತ ಹೋಗ್ತಾವೆ. ಟ್ರ್ಯಾಕ್ಟರಿಗೆ ಆ ಆಯ್ಕೆ ಸರೀನೇ ಇದೆ. ಬಯಲು, ಮೇಲೆ ಇಂಜಿನ್ ಸದ್ದು, ಅಲ್ಲಿ ಜೋರೇ ಬೇಕು. ಆದ್ರೆ ಅದನ್ನೇ ನೋಡಿ ಕಲಿತು ಹತ್ತು ಬೈ ಹನ್ನೆರಡರ ಬಾಡಿಗೆ ಕೋಣೆಗೂ 12 ಇಂಚು ತಂದು, ಮೇಲೊಂದು ಅಗ್ಗದ ಟ್ವೀಟರ್ ಕೂರಿಸಿದ್ರೆ ಹಾಳಾಗೋದು ದನಿ.

ಹೇಗೆ ಅಂದ್ರೆ, ಸದ್ದಿನ ಅಲೆಯ ಉದ್ದ ಕೋನಿನ ಅಗಲಕ್ಕಿಂತ ಚಿಕ್ಕದಾಗ್ತಾ ಹೋದಂತೆ ಸದ್ದು ಸುತ್ತ ಹರಡೋದು ಬಿಟ್ಟು ಬ್ಯಾಟರಿ ಬೆಳಕಿನ ಹಾಗೆ ಮುಂದಕ್ಕೆ ಮಾತ್ರ ಹೋಗುತ್ತೆ. 12 ಇಂಚಿನ ಡ್ರೈವರಿನಲ್ಲಿ ಅಲುಗುವ ಭಾಗ ಸುಮಾರು 26 ಸೆಂ.ಮೀ. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. ಭಾಗಿಸಿ ನೋಡಿ, 1300 ಹರ್ಟ್ಜ್ ಆಸುಪಾಸು. ಅಗ್ಗದ ಟ್ವೀಟರ್ ಒದರದೆ ಕೆಲಸ ಶುರು ಮಾಡೋದು 3000ದ ಮೇಲೆ. ನಡುವಿನ ಜಾಗ ಯಾರದು? ಮಾತಿನ ವ್ಯಂಜನಗಳು ಸ್ಪಷ್ಟವಾಗೋದು, ಮಲ್ಲಿಕಾರ್ಜುನ ಮನ್ಸೂರರ ತಾನಿನ ಅಂಚು ಕಿವಿಗೆ ತಾಗೋದು ಆ ಜಾಗದಲ್ಲೇ. ಸೋಫಾದ ನಡುವೆ ಕೂತವನಿಗೆ ಹಾಡು, ಪಕ್ಕದಲ್ಲಿ ಕೂತ ಅವ್ವನಿಗೆ ಬರೀ ಗೊಣಗು. ಆರೂವರೆ ಇಂಚಿನದಾದ್ರೆ ಅದೇ ಲೆಕ್ಕ 2600ರ ಹತ್ತಿರ ಬರುತ್ತೆ. ಅದಕ್ಕೆ ಒಂದು ಇಂಚಿನ ಒಳ್ಳೆ ಬಟ್ಟೆ ಡೋಮ್ ಟ್ವೀಟರನ್ನು 2000–2500ರಲ್ಲಿ ಜೋಡಿಸಬಹುದು, ಕೈ ಬದಲಾದದ್ದೇ ಗೊತ್ತಾಗಲ್ಲ. ಟ್ವೀಟರಿನ ಸ್ವಂತ ಅನುರಣನ, ಅಂದ್ರೆ ಡೇಟಾಶೀಟ್‌ನ ಎಫ್‌ಎಸ್, ಜೋಡಿಸುವ ಜಾಗದ ಅರ್ಧಕ್ಕಿಂತ ಕೆಳಗಿರಬೇಕು ಅನ್ನೋದು ನೆನಪಿರಲಿ. ದುಡ್ಡು ಕಡಿಮೆ ಇದ್ರೆ ವೂಫರಿನ ಇಂಚು ಇಳಿಸಿ, ಟ್ವೀಟರಿಗೆ ಹಾಕಿ.

ಕೋನ್ ಯಾವುದರದು ಅನ್ನೋ ಜಗಳ ಇದ್ದದ್ದೇ. ಅಲ್ಯೂಮಿನಿಯಂ ಹೊಳೆಯುತ್ತೆ, ಕಾಗದ ಬಡವರದ್ದು ಅನಿಸುತ್ತೆ. ಗೋಳಗುಮ್ಮಟದೊಳಗೆ ಚಪ್ಪಾಳೆ ತಟ್ಟಿದವರಿಗೆ ಗೊತ್ತು: ಗಟ್ಟಿ ಗೋಡೆ ಸದ್ದನ್ನು ನುಂಗಲ್ಲ, ಮತ್ತೆ ಮತ್ತೆ ವಾಪಸ್ ಕಳಿಸುತ್ತೆ. ಲೋಹದ ಕೋನೂ ಮೇಲಿನ ಸ್ವರಗಳಲ್ಲಿ ತಾನೇ ಗಂಟೆಯಂತೆ ಮೊಳಗುತ್ತೆ, ಅದನ್ನು ಅಡಗಿಸೋಕೆ ಕ್ರಾಸ್‌ಓವರ್ ಕೆಲಸ ಪಕ್ಕಾ ಬರಬೇಕು. ಕಾಗದ ಆ ಮೊಳಗನ್ನು ಬಹುಪಾಲು ತಾನೇ ನುಂಗಿಕೊಳ್ಳುತ್ತೆ. ಮೊದಲ ಸಲ ಕಟ್ಟೋರಿಗೆ ನನ್ನ ಓಟು ಕಾಗದಕ್ಕೇ.

ಇನ್ನು ಡಬ್ಬಿ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ 70ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಹಾಕಿಕೊಟ್ಟ ಲೆಕ್ಕಗಳಿಂದಲೇ ಇವತ್ತೂ ಡ್ರೈವರಿಗೆ ಡಬ್ಬಿ ಹೊಂದಿಸೋದು. ಅದರಲ್ಲಿ ಕ್ಯೂಟಿಎಸ್ ಅನ್ನೋದೊಂದನ್ನು ನೋಡಿ. 0.3ರಿಂದ 0.4 ಇದ್ರೆ ತೂತಿರುವ ಡಬ್ಬಿ, ಅದಕ್ಕಿಂತ ಹೆಚ್ಚಿದ್ರೆ ಮುಚ್ಚಿದ ಡಬ್ಬಿ. ಕಾರಿನ ಬಾಗಿಲಿಗೆ ಮಾಡಿದ ಡ್ರೈವರುಗಳಲ್ಲಿ ಇದು 0.7 ದಾಟೋದುಂಟು. ಅಂಥದನ್ನು ಸಣ್ಣ ಮರದ ಡಬ್ಬಿಗೆ ತುರುಕಿದ್ರೆ ತಬಲಾದ ಎಡಗೈ ಪೆಟ್ಟು ಕೊಡದ ಮೇಲೆ ಬಡಿದಂಗೆ ಕೇಳುತ್ತೆ. ಆಮೇಲೆ ಹತ್ತಿ ತುಂಬಿ, ಆಂಪ್ಲಿಫೈಯರ್ ಬೈದು ಪ್ರಯೋಜನ ಇಲ್ಲ.

ಡೇಟಾಶೀಟೇ ಇಲ್ಲದ ಡ್ರೈವರನ್ನ, ಎಷ್ಟೇ ಭಾರ ಇರಲಿ, ನಾನಂತೂ ಮುಟ್ಟಲ್ಲ. ಶೀಟ್ ಇದ್ದರೂ ಕಣ್ಣುಮುಚ್ಚಿ ನಂಬಬೇಡಿ. ಒಂದು 100 ಓಮ್ ರೆಸಿಸ್ಟರ್, ಲ್ಯಾಪ್‌ಟಾಪಿನ ಸೌಂಡ್‌ಕಾರ್ಡ್, ಪುಕ್ಕಟೆ ಸಿಗೋ ಆರ್‌ಇಡಬ್ಲ್ಯೂ ಸಾಫ್ಟ್‌ವೇರ್ ಇದ್ರೆ ಭಾನುವಾರ ಮಧ್ಯಾಹ್ನ ಮನೆಯಲ್ಲೇ ಅಳೀಬಹುದು. ಎಡ ಬಲ ಎರಡನ್ನೂ ಅಳೆದು ಹೋಲಿಸಿ, ಪ್ಲೈವುಡ್ ಕೊಯ್ಯೋದು ಆಮೇಲೆ.